ಫೆಂಟನ್ ಕಣ್ಣಿನಲ್ಲಿ ಟಿಪ್ಟ್ರಿಯ 1973

ಆಲಿಸ್ ಶೆಲ್ಡನ್ ಗಂಡಸಿನ ಹೆಸರಿಟ್ಟುಕೊಂಡು ಬರೆದರೆಂಬ ಸುದ್ದಿ ಈಗ ಅವರ ಕಥೆಗಳಿಗಿಂತ ಪ್ರಸಿದ್ಧ. ಜೇಮ್ಸ್ ಟಿಪ್ಟ್ರಿ ಜೂನಿಯರ್ ಹೆಸರಿನಲ್ಲಿ 1973ರಲ್ಲಿ ಅಚ್ಚಾದ ಮೂರು ಕಥೆಗಳನ್ನು ಒಟ್ಟಿಗಿಟ್ಟು ಓದಿದರೆ ಪ್ರಶಸ್ತಿಗಳ ಲೆಕ್ಕವೂ ತಲೆಕೆಳಗಾಗಿದೆ ಅನ್ನಿಸುತ್ತದೆ. ನೆಬ್ಯುಲಾ ಪಡೆದ 'ಲವ್ ಈಸ್ ದ ಪ್ಲಾನ್ ದ ಪ್ಲಾನ್ ಈಸ್ ಡೆತ್' ದೈತ್ಯ ಜೇಡದಂಥ ಜೀವಿಯೊಂದರ ಪ್ರೇಮಪ್ರಲಾಪ. ಅದು ಪ್ರೇಯಸಿಗೇ ಆಹಾರವಾಗಲಿದೆ ಎಂಬುದು ಅರ್ಧದಲ್ಲೇ ಹೊಳೆದುಬಿಡುತ್ತದೆ. ಆಮೇಲೆ ಉಳಿಯುವುದು ಉದ್ಗಾರ. ಹ್ಯೂಗೊ ಪಡೆದ 'ದ ಗರ್ಲ್ ಹೂ ವಾಸ್ ಪ್ಲಗ್ಡ್ ಇನ್' ಎಷ್ಟೋ ಮೇಲು. ಜಾಹೀರಾತು ನಿಷೇಧವಾದ ಲೋಕದಲ್ಲಿ ಕುರೂಪಿ ಪಿ. ಬರ್ಕ್ ದೂರದಿಂದಲೇ ಒಂದು ಸುಂದರ ದೇಹವನ್ನು ಆಡಿಸುತ್ತಾಳೆ, ಆ ದೇಹ ಮುಟ್ಟಿದ್ದೆಲ್ಲ ಮಾರಾಟವಾಗುತ್ತದೆ. ಓದುಗರನ್ನು ಹಂಗಿಸುತ್ತಲೇ ಕಥೆ ಹೇಳುವ ನಿರೂಪಕನ ಗತ್ತು ಮಾತ್ರ ಬರುಬರುತ್ತಾ ದಣಿಸುತ್ತದೆ.

ಆ ವರ್ಷದ ನಿಜವಾದ ಕಥೆ 'ದ ವಿಮೆನ್ ಮೆನ್ ಡೋಂಟ್ ಸೀ'. ಅದನ್ನು ನೆಬ್ಯುಲಾ ಸ್ಪರ್ಧೆಯಿಂದ ಲೇಖಕಿಯೇ ಹಿಂದಕ್ಕೆ ಪಡೆದರು. ತಪ್ಪಿದ ಲೆಕ್ಕಕ್ಕೆ ಅವರೂ ಸ್ವಲ್ಪ ಕಾರಣ. ನಿರೂಪಕ ಡಾನ್ ಫೆಂಟನ್ ಮೆಕ್ಸಿಕೊದ ಕಿಂತಾನಾ ರೋ ಕರಾವಳಿಯಲ್ಲಿ ಮೀನು ಹಿಡಿಯಲು ಹೊರಟವನು. ಸಣ್ಣ ವಿಮಾನದ ಸಹಪ್ರಯಾಣಿಕರಾದ ರೂತ್ ಪಾರ್ಸನ್ಸ್ ಮತ್ತವಳ ಮಗಳು ಮೊದಲು ಅವನ ಕಣ್ಣಿಗೆ ಸರಿಯಾಗಿ ಬೀಳುವುದೂ ಇಲ್ಲ. ವಿಮಾನ ನೆಲಕ್ಕಪ್ಪಳಿಸಿದ ಮೇಲೆ ರೂತ್ ಚೀರಾಡಿಯಾಳೆಂದು ಕಾಯುತ್ತಾನೆ. ಅವಳು ಶಾಂತವಾಗಿದ್ದರೆ ತನ್ನ ಎಣಿಕೆಯನ್ನು ತಿದ್ದಿಕೊಳ್ಳದೆ ಅವಳನ್ನೇ ಅನುಮಾನಿಸುತ್ತಾನೆ.

ನೀರು ಹುಡುಕಿಕೊಂಡು ಇಬ್ಬರೇ ಮ್ಯಾಂಗ್ರೋವ್ ಕಾಡಿಗೆ ಹೋಗುವ ಭಾಗವನ್ನು ನಿಧಾನವಾಗಿ ಓದಬೇಕು. ಫೆಂಟನ್ ಸುಳ್ಳುಗಾರನಲ್ಲ. ಅವಳ ಮಾತು, ಮೌನ ಎಲ್ಲವನ್ನೂ ಚಾಚೂತಪ್ಪದೆ ವರದಿ ಮಾಡುತ್ತಾನೆ. ತೀರ್ಮಾನ ಮಾತ್ರ ಪ್ರತಿಸಲವೂ ತಪ್ಪು. ಅವಳ ನಿರ್ಲಿಪ್ತತೆ ಅವನಿಗೆ ತನ್ನ ಗಂಡಸುತನಕ್ಕೊಡ್ಡಿದ ಸವಾಲಾಗಿ ಕಾಣುತ್ತದೆ. ಹೆಂಗಸರ ಹಕ್ಕೆಲ್ಲ ಗಂಡಸರು ಬಿಟ್ಟುಕೊಟ್ಟಷ್ಟೇ ಎಂದು ಅವಳು ತಣ್ಣಗೆ ಹೇಳಿದರೆ, ಅದರ ಹಿಂದೆ ಯಾವುದೋ ಹಳೆಯ ಗಾಯ ಹುಡುಕುತ್ತಾನೆ. ಹೀಗೆ ಒಂದೇ ವಾಕ್ಯದಲ್ಲಿ ಅವನ ಕುರುಡೂ ಅವಳ ಇರವೂ ಓದುಗರಿಗೆ ಕಾಣುತ್ತವೆ. ಬೇರೆ ಲೋಕದ ಜೀವಿಗಳ ಜೊತೆ ತಾಯಿ ಮಗಳು ಹೊರಟುಹೋಗುವುದು ಹಠಾತ್ತಾಗಿದೆ ಎಂದು ಆಕ್ಷೇಪಿಸುವವರು ಅವಳ ಮಾತನ್ನು ಫೆಂಟನ್‌ನ ಕಿವಿಯಿಂದಲೇ ಕೇಳಿಸಿಕೊಂಡವರು. ಆ ಜೀವಿಗಳ ಚಿತ್ರಣ ತೆಳುವಾಗಿದೆ, ಒಪ್ಪುತ್ತೇನೆ.

1975ರ 'ವಾರ್ಮ್ ವರ್ಲ್ಡ್ಸ್ ಅಂಡ್ ಅದರ್‌ವೈಸ್' ಸಂಕಲನದ ಮುನ್ನುಡಿಯಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಈ ಬರಹ ಗಂಡಸಿನದ್ದೇ ಎಂದು ಸಾರಿದರು, ಹೆಮಿಂಗ್ವೆಯ ಹೋಲಿಕೆ ತಂದರು. ಗುಟ್ಟು ಬೇಗನೇ ಬಯಲಾಯಿತು. ಅವರನ್ನು ನೋಡಿ ನಗುವುದು ಇನ್ನೂ ನಿಂತಿಲ್ಲ. ಆದರೆ ಹೋಲಿಕೆ ತಪ್ಪಲ್ಲ: ಮೀನು, ಬಂದೂಕು, ಬಿಗಿದ ತುಟಿ, ಫೆಂಟನ್ ಇರುವುದೇ ಹಾಗೆ. ಅದು ಲೇಖಕಿ ಹೊಲಿದ ವೇಷ. ಸಿಲ್ವರ್‌ಬರ್ಗ್ ಅದನ್ನೇ ಮೈಯೆಂದುಕೊಂಡರು. ಕಡೇಪಕ್ಷ ವಾಕ್ಯಗಳನ್ನಾದರೂ ಗಮನಿಸಿದರು. ನಕ್ಕವರು ರೂತ್‌ಳನ್ನು ಲೇಖಕಿಯ ಪ್ರತಿನಿಧಿ ಮಾಡಿ, ಅವಳ ಮಾತನ್ನು ಘೋಷಣೆಯಂತೆ ಹಿಡಿದುಕೊಂಡರು. ಮಾಯಾ ಜನಾಂಗದ ಪೈಲಟ್ ಎಸ್ತೆಬಾನ್‌ನಿಂದ ಮಗಳಿಗೆ ಮಗುವಾಗಲೆಂದು ರೂತ್ ಅವರಿಬ್ಬರನ್ನೇ ವಿಮಾನದ ಬಳಿ ಬಿಟ್ಟುಬಂದಿರಬಹುದೆಂಬ ಸುಳಿವೂ ಕಥೆಯಲ್ಲಿದೆ. ಆ ಗಂಡಸನ್ನು ಅವಳು ಎಷ್ಟು ನೋಡಿದಳು ಎಂದು ಈ ವಿಮರ್ಶಕರು ಕೇಳುವುದಿಲ್ಲ.