ಅರ್ಧ ಬೆಲೆಯ ಇಂಧನ: ಲೆಕ್ಕ ಎಲ್ಲಿ ತಪ್ಪುತ್ತದೆ?

ನಾಲ್ಕೂ ಚಕ್ರಗಳಿಗೆ ಚಾಲನಶಕ್ತಿ ಒದಗುವ ಐಷಾರಾಮಿ ವಾಹನ ರೇಂಜ್ ರೋವರ್ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದದ್ದು 1970ರಲ್ಲಿ. 1994ರಲ್ಲಿ ಬಂದ ಅದರ ಎರಡನೆಯ ಮಾದರಿಯ ತೂಕ 2 ಟನ್ನಿಗೂ ಹೆಚ್ಚು. 4.6 ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್ ಇದ್ದರೆ 100 ಕಿಲೋಮೀಟರಿಗೆ ಸುಮಾರು 17 ಲೀಟರ್ ಪೆಟ್ರೋಲ್ ಬೇಕು. ಆದ್ದರಿಂದ ಅಲ್ಲಿನ ಅನೇಕ ಮಾಲೀಕರು ದ್ರವೀಕೃತ ಪೆಟ್ರೋಲಿಯಂ ಅನಿಲ, ಅಂದರೆ ಎಲ್‌ಪಿಜಿ ಬಳಸುವ ಸಾಧನವನ್ನು ಅಳವಡಿಸಿಕೊಂಡರು. ಇಂಥ ಹಳೆಯ ವಾಹನ ಮಾರುವವರು ಸಾಮಾನ್ಯವಾಗಿ ಹೇಳುವ ಮಾತು: 'ಇಂಧನದ ಖರ್ಚು ಅರ್ಧ'. ಇದು ಎಷ್ಟು ನಿಜ?

ಪೆಟ್ರೋಲನ್ನೂ ಎಲ್‌ಪಿಜಿಯನ್ನೂ ಲೀಟರಿನ ಲೆಕ್ಕದಲ್ಲಿ ಹೋಲಿಸುವುದೇ ಮೊದಲ ದೋಷ. ವಾಹನವನ್ನು ಓಡಿಸುವುದು ಲೀಟರ್ ಅಲ್ಲ, ಶಕ್ತಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ, ಒಂದು ಲೀಟರ್ ದ್ರವ ಎಲ್‌ಪಿಜಿಯಲ್ಲಿ ಇರುವುದು ಸುಮಾರು 25. ಎಲ್‌ಪಿಜಿಯ ಸಾಂದ್ರತೆ ಕಡಿಮೆ ಎಂಬುದೇ ಇದಕ್ಕೆ ಕಾರಣ. ಹಾಗಾಗಿ 17 ಲೀಟರ್ ಪೆಟ್ರೋಲಿನ ಜಾಗದಲ್ಲಿ ಸುಮಾರು 22 ಲೀಟರ್ ಎಲ್‌ಪಿಜಿ ಬೇಕು. ಲೆಕ್ಕಕ್ಕಾಗಿ ಪೆಟ್ರೋಲ್ ಲೀಟರಿಗೆ 100 ಪೆನ್ಸ್, ಅನಿಲ 50 ಪೆನ್ಸ್ ಎಂದಿಟ್ಟುಕೊಳ್ಳಿ. ಖರ್ಚು 1,700 ಪೆನ್ಸ್‌ನಿಂದ 1,100ಕ್ಕೆ ಇಳಿಯುತ್ತದೆ. ಉಳಿತಾಯ ಶೇಕಡಾ 35, ಐವತ್ತಲ್ಲ.

ಇನ್ನೊಂದು ವಿಷಯ ಗಮನಿಸಿ. ದ್ರವವು ಅನಿಲವಾಗಲು ಗುಪ್ತೋಷ್ಣ ಬೇಕು. ಆವಿಕಾರಕವು ಇದನ್ನು ಎಂಜಿನ್ ತಂಪಾಗಿಸುವ ಬಿಸಿನೀರಿನಿಂದ ಪಡೆಯುತ್ತದೆ. ಆದ್ದರಿಂದ ಎಂಜಿನ್ ಬಿಸಿಯಾಗುವವರೆಗೆ ವಾಹನ ಪೆಟ್ರೋಲಿನಲ್ಲೇ ಓಡಬೇಕು. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಅನಿಲದಿಂದ ದೊರೆಯುವ ಲಾಭ ಅತ್ಯಲ್ಪ. ಟ್ಯಾಂಕಿನ ಗಾತ್ರವೂ ಮೋಸಗೊಳಿಸುತ್ತದೆ. ದ್ರವ ಹಿಗ್ಗಲು ಸ್ಥಳ ಬೇಕಾದ್ದರಿಂದ ಶೇಕಡಾ 80ರಷ್ಟು ಮಾತ್ರ ತುಂಬಿಸುತ್ತಾರೆ. 90 ಲೀಟರಿನ ಟ್ಯಾಂಕಿನಲ್ಲಿ ಸಿಗುವುದು 72 ಲೀಟರ್. ಓಡುವ ದೂರ ಸುಮಾರು 330 ಕಿಲೋಮೀಟರ್.

ಅನಿಲದ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಅದರ ಆಕ್ಟೇನ್ ಸಂಖ್ಯೆ ಹೆಚ್ಚು. ಅಷ್ಟೇ ಶಕ್ತಿಗೆ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಪೆಟ್ರೋಲಿಗಿಂತ ಕಡಿಮೆ. ಪ್ರಶ್ನೆಯಿರುವುದು ಅದನ್ನು ಅಳವಡಿಸಿದ ರೀತಿಯಲ್ಲಿ ಮತ್ತು ಎಂಜಿನ್ನಿನ ಸ್ಥಿತಿಯಲ್ಲಿ. ಈ ಎಂಜಿನ್ ಅಲ್ಯೂಮಿನಿಯಮ್‌ನದು. ಅತಿಯಾಗಿ ಕಾದರೆ ಸಿಲಿಂಡರಿನ ಒಳಕವಚ ಸಡಿಲವಾಗುವ ಅಪಾಯವಿದೆ. ಆವಿಕಾರಕಕ್ಕೆಂದು ಜೋಡಿಸಿದ ಪ್ರತಿ ಕೊಳವೆಯೂ ನೀರು ಸೋರಬಹುದಾದ ಹೊಸ ತಾಣ. ಗಾಳಿ ಒಳಬರುವ ದಾರಿಯಲ್ಲೇ ಅನಿಲವನ್ನು ಬೆರೆಸುವ ಹಳೆಯ ವಿಧಾನದಲ್ಲಿ ಆ ದಾರಿಯ ತುಂಬ ಉರಿಯಬಲ್ಲ ಮಿಶ್ರಣವಿರುತ್ತದೆ. ಕಿಡಿ ನೀಡುವ ತಂತಿಗಳು ಸವೆದಿದ್ದರೆ ಅದು ಅಲ್ಲಿಯೇ ಸಿಡಿಯಬಹುದು. ಪ್ರತಿ ಸಿಲಿಂಡರಿನ ಬಳಿ ಪ್ರತ್ಯೇಕವಾಗಿ ಅನಿಲ ಚಿಮ್ಮಿಸುವ ವಿಧಾನದಲ್ಲಿ ಈ ಅಪಾಯ ಕಡಿಮೆ.

ಆದ್ದರಿಂದ ಕೊಳ್ಳುವವನು ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಬೇಕು. ಪೆಟ್ರೋಲಿನಲ್ಲಿ ಚಾಲೂ ಮಾಡಿಸಿ, ಅನಿಲಕ್ಕೆ ಬದಲಾಗುವುದನ್ನು ಕಾಯಬೇಕು, ಎರಡರಲ್ಲೂ ಓಡಿಸಬೇಕು. ಆವಿಕಾರಕದ ಮೇಲೆ ಮಂಜು ಕಟ್ಟಿದರೆ ಬಿಸಿನೀರು ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ. ಆಗ ಅನಿಲ ವ್ಯವಸ್ಥೆಯನ್ನು ದೂಷಿಸುವ ಮೊದಲು ಎಂಜಿನ್ನಿನ ನೀರನ್ನು ಪರೀಕ್ಷಿಸಬೇಕು. ಅಳವಡಿಕೆಯ ಪ್ರಮಾಣಪತ್ರವನ್ನೂ ಕೇಳಬೇಕು.

ಮೇಲಿನ ದರದಲ್ಲಿ ವರ್ಷಕ್ಕೆ 8,000 ಕಿಲೋಮೀಟರ್ ಓಡಿಸಿದರೆ ಹೆಚ್ಚೆಂದರೆ ಉಳಿಯುವುದು 480 ಪೌಂಡ್. ಎಂಜಿನ್ನಿನ ಒಂದು ದೊಡ್ಡ ದುರಸ್ತಿ ಹಲವು ವರ್ಷಗಳ ಈ ಉಳಿತಾಯವನ್ನು ನುಂಗಬಲ್ಲದು. ಹಳೆಯದಾದ ವಾಹನದ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಹಾಗೆ ಇಳಿಯುವುದಿಲ್ಲ. ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲಿ ಬೇರೆ ಬೇರೆ ದರಗಳನ್ನಿಟ್ಟು ಮಾಡಿಸಬಹುದು. ಬೆಲೆಯನ್ನು ಲೀಟರಿಗೆ ಎಷ್ಟು ಎಂದು ಕೇಳುವುದಕ್ಕೂ ಮೆಗಾಜೂಲಿಗೆ ಎಷ್ಟು ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸ ಆಗ ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುತ್ತದೆ.