ದಾರಿ ತೋರಿಸಿದವನ ಹೆಸರು

ಪ್ರವಾಸ ಕಥನವನ್ನು ನಮ್ಮ ವಿಮರ್ಶೆ ಪಂಕ್ತಿಯ ಕೊನೆಯಲ್ಲಿ ಕೂರಿಸಿ ಊಟ ಹಾಕುತ್ತ ಬಂದಿದೆ. ಕಾವ್ಯಕ್ಕೆ ಮೀಮಾಂಸೆ ಇದೆ, ಕಾದಂಬರಿಗೆ ತತ್ತ್ವಗಳಿವೆ. ಪ್ರವಾಸ ಕಥನಕ್ಕೆ ಮಾತ್ರ ‘ಓದಿಸಿಕೊಂಡು ಹೋಗುತ್ತದೆ’ ಎಂಬ ಒಂದು ಸರ್ಟಿಫಿಕೇಟು. ಮಲಯಾಳದಲ್ಲಿ ಎಸ್. ಕೆ. ಪೊಟ್ಟೆಕ್ಕಾಟ್ ಅವರಿಂದಾಗಿ ಈ ಪ್ರಕಾರಕ್ಕೆ ಇನ್ನಷ್ಟು ಮರ್ಯಾದೆ ಸಿಕ್ಕಿತು. ಆಫ್ರಿಕಾ, ಯುರೋಪು, ಬಾಲಿ ಎಂದು ತಿರುಗಿದ ಅವರನ್ನು ಓದುಗರು ಕಾದಂಬರಿಕಾರನಷ್ಟೇ ಪ್ರೀತಿಯಿಂದ ಸಂಚಾರಿಯೆಂದೂ ಒಪ್ಪಿಕೊಂಡರು. ಕನ್ನಡದಲ್ಲಿ ಕಾರಂತ, ಗೋಕಾಕ, ಗೊರೂರರಂಥವರು ಈ ಪ್ರಕಾರದಲ್ಲಿ ಬರೆದಿದ್ದರೂ ಅವರ ‘ಮುಖ್ಯ ಕೃತಿ’ಗಳ ಪಟ್ಟಿಯಲ್ಲಿ ಅವು ಹಿಂದೆಯೇ ಉಳಿದವು. ಇಂಕಾ ನಾಡಿನ ಬಗ್ಗೆ ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ನಮ್ಮ ಭಾಷೆಯಲ್ಲಿದೆ. ಅದರ ಕುರಿತು ಪ್ರತ್ಯೇಕವಾಗಿಯೇ ಬರೆಯಬೇಕು. ಇಲ್ಲಿ ನಾನು ಎತ್ತಿಕೊಂಡಿರುವ ಪ್ರಶ್ನೆ ಅದಕ್ಕಿಂತ ಹಿಂದಿನದು, ಸಣ್ಣದು. ಪಾಳು ನಗರಕ್ಕೆ ಬೆಟ್ಟ ಹತ್ತಿ ಹೋಗುವ ಕಥೆಯಲ್ಲಿ ದಾರಿ ತೋರಿಸಿದವನಿಗೆ ಎಷ್ಟು ಜಾಗ? ಅವನಿಗೆ ಹೆಸರುಂಟೆ, ಭಾಷೆಯುಂಟೆ?

ಗುಂಡುಮಾಲ್‌ನಂಥ ಊರಲ್ಲಿ ಕೂತವರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮಾಚು ಪಿಚುವಿಗೆ ಇಂದು ನಡೆದು ಹೋಗುವವರ ದಾರಿ ಬಹಳ ಕಟ್ಟುಪಾಡಿನದು. ಕುಸ್ಕೊದಿಂದ ಬರುವ ರೈಲುದಾರಿಯ 82ನೇ ಕಿಲೋಮೀಟರ್ ಕಲ್ಲಿನ ಹತ್ತಿರ ಇಳಿದು, ನಾಲ್ಕು ದಿನದಲ್ಲಿ ಸುಮಾರು 43 ಕಿಲೋಮೀಟರ್ ನಡೆಯಬೇಕು. ಎರಡನೆಯ ದಿನ ಹತ್ತುವ ಕಣಿವೆಬಾಯಿ 4,200 ಮೀಟರಿಗೂ ಎತ್ತರ. ಕ್ವೆಚುವಾ ಭಾಷೆಯಲ್ಲಿ ಅದರ ಹೆಸರಿಗೆ ‘ಸತ್ತ ಹೆಂಗಸು’ ಎಂದರ್ಥ. ಮಲಗಿದ ಹೆಣ್ಣಿನ ಆಕಾರ ಬೆಟ್ಟಕ್ಕಿದೆಯಂತೆ. ಮೂರು ನಾಲ್ಕು ಪಾಳು ನೆಲೆಗಳನ್ನು ದಾಟಿ, ಕೊನೆಯ ದಿನ ಬೆಳಗಿನ ಜಾವ ‘ಸೂರ್ಯನ ಬಾಗಿಲು’ ಎಂಬಲ್ಲಿ ನಿಂತರೆ ಕೆಳಗೆ, 2,430 ಮೀಟರಿನಲ್ಲಿ, ಹದಿನೈದನೆಯ ಶತಮಾನದ ಆ ಊರು ಕಾಣುತ್ತದೆ. ಒಂಟಿಯಾಗಿ ಹೋಗುವಂತಿಲ್ಲ, ಪರವಾನಗಿ ಪಡೆದ ಮಾರ್ಗದರ್ಶಿ ಇರಲೇಬೇಕು. ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶ, ಫೆಬ್ರವರಿ ತಿಂಗಳು ದಾರಿಗೆ ರಜೆ. ಆ 500ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನೋಡಲು ಬಂದವರಲ್ಲ. ಡೇರೆ, ಅಡಿಗೆ ಸಾಮಾನು, ಗ್ಯಾಸ್ ಸಿಲಿಂಡರ್ ಹೊರುವವರು, ಅಡಿಗೆಯವರು, ಮಾರ್ಗದರ್ಶಿಗಳು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹಮಾಲರು. ಊರಿನಲ್ಲಿ ಆಲೂಗಡ್ಡೆ, ಜೋಳ ಬೆಳೆಯುವ ಕ್ವೆಚುವಾ ರೈತರೇ ಬಹುಪಾಲು. ಒಬ್ಬನ ಬೆನ್ನಿಗೆ 20 ಕಿಲೋಗಿಂತ ಹೆಚ್ಚು ಹೇರಕೂಡದೆಂದು ಪೆರು ದೇಶ 2001ರಲ್ಲಿ ಕಾನೂನೇ ಮಾಡಬೇಕಾಯಿತು. ಕಾನೂನು ಬೇಕಾಯಿತೆಂದರೆ ಅದಕ್ಕೆ ಮುಂಚೆ ಎಷ್ಟು ಹೇರುತ್ತಿದ್ದರೆಂದು ಓದುಗರೇ ಊಹಿಸಿಕೊಳ್ಳಬಹುದು.

ಈ ಇಡೀ ಯಾತ್ರೆಯ ಮೂಲಪಠ್ಯ ಹೈರಂ ಬಿಂಗಂ ಬರೆದದ್ದು. 1911ರ ಜುಲೈ 24ರಂದು ಆತ ಅಲ್ಲಿಗೆ ಹತ್ತಿದ. 1948ರಲ್ಲಿ ‘ಇಂಕಾಗಳ ಕಳೆದುಹೋದ ನಗರ’ ಎಂಬ ಪುಸ್ತಕದಲ್ಲಿ ಆ ದಿನವನ್ನು ಮತ್ತೊಮ್ಮೆ ಬರೆದ. ಬಿಂಗಂನನ್ನು ಬೈಯುವುದು ಇಂದು ಸುಲಭ, ಆದರೆ ಆತ ಒಳ್ಳೆಯ ಕಥೆಗಾರನೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಬೆಳಿಗ್ಗೆ ಜಿಟಿ ಜಿಟಿ ಮಳೆ. ಜೊತೆಗಾರರಲ್ಲಿ ಒಬ್ಬನಿಗೆ ನದಿಯ ಬದಿಯಲ್ಲೇ ಚಿಟ್ಟೆಗಳು ಹೆಚ್ಚು, ಇನ್ನೊಬ್ಬನಿಗೆ ಬಟ್ಟೆ ಒಗೆಯುವುದಿದೆ, ಯಾರೂ ಬರಲೊಲ್ಲರು. ಕೆಳಗಿನ ರೈತ ಮೆಲ್ಚೊರ್ ಆರ್ತೆಯಾಗ ಒಂದು ಸೋಲ್ ಕೂಲಿಗೆ ದಾರಿ ತೋರಿಸಲು ಒಪ್ಪುತ್ತಾನೆ. ಅದು ಅಲ್ಲಿಯ ದಿನಗೂಲಿಗಿಂತ ಮೂರು ನಾಲ್ಕು ಪಟ್ಟು. ಭೋರ್ಗರೆಯುವ ಉರುಬಂಬಾ ನದಿಗೆ ಅಡ್ಡ ಹಾಕಿದ ಮರದ ದಿಮ್ಮಿಗಳ ಮೇಲೆ ಬಿಂಗಂ ಅಂಬೆಗಾಲಿಟ್ಟು ದಾಟುತ್ತಾನೆ. ಮೇಲೆ ಹತ್ತಿದರೆ, ಅಲ್ಲಿ ಮನುಷ್ಯರು! ಇಂಕಾಗಳು ಕಟ್ಟಿದ ಮೆಟ್ಟಿಲುಗದ್ದೆಗಳಲ್ಲೇ ಬೆಳೆ ಬೆಳೆದುಕೊಂಡಿದ್ದ ರೈತ ಕುಟುಂಬಗಳು. ತೆರಿಗೆಯವರೂ ಸೈನ್ಯಕ್ಕೆ ಹಿಡಿದೊಯ್ಯುವವರೂ ಅಷ್ಟು ಎತ್ತರಕ್ಕೆ ಬರುವುದಿಲ್ಲವೆಂದು ಅವರಿಗೆ ಆ ಜಾಗ ಇಷ್ಟ. ಅವರು ಸೋರೆಬುರುಡೆಯಲ್ಲಿ ತಣ್ಣೀರು ಕೊಡುತ್ತಾರೆ, ಬೇಯಿಸಿದ ಗೆಣಸು ಕೊಡುತ್ತಾರೆ. ಆರ್ತೆಯಾಗ ಅಲ್ಲೇ ಹರಟೆಗೆ ಕೂರುತ್ತಾನೆ. ಮುಂದಿನ ದಾರಿಗೆ ಒಬ್ಬ ಚಿಕ್ಕ ಹುಡುಗನನ್ನು ಜೊತೆ ಮಾಡಿ ಕಳಿಸುತ್ತಾರೆ.

ಆ ಹುಡುಗನೇ ಬಿಂಗಂಗೆ ಮಾಚು ಪಿಚು ತೋರಿಸಿದವನು. ದಿಬ್ಬ ತಿರುಗಿದ ಕೂಡಲೇ ಸಾಲು ಸಾಲು ಮೆಟ್ಟಿಲುಗದ್ದೆ, ಅದರಾಚೆ ಬಿಳಿಗಲ್ಲಿನ ಗೋಡೆ. ಬಿಂಗಂನ ವಾಕ್ಯಗಳು ಇಲ್ಲಿ ಉದ್ದವಾಗುತ್ತವೆ, ಉಸಿರು ಕಟ್ಟುತ್ತವೆ. ಹುಡುಗ ಮಾತ್ರ ಕಥೆಯಿಂದ ಮೆಲ್ಲನೆ ಜಾರಿಹೋಗುತ್ತಾನೆ. ಅವನಿಗೆ ಕುಸುರಿ ಕಲ್ಲಿನ ಗೋಡೆಗಳ ಬಗ್ಗೆ ಏನನ್ನಿಸುತ್ತಿತ್ತು, ಆ ಮನೆಗಳಿಗೆ ಅವನ ಮನೆಯವರು ಏನೆಂದು ಕರೆಯುತ್ತಿದ್ದರು ಎಂದು ಬಿಂಗಂ ಕೇಳಲಿಲ್ಲ. ಕೇಳಬಹುದಿತ್ತು, ಕ್ವೆಚುವಾ ಬಲ್ಲ ಸಾರ್ಜೆಂಟ್ ಕರಾಸ್ಕೊ ಪಕ್ಕದಲ್ಲೇ ಇದ್ದ. ಊರಿನ ಹೆಸರೇ ‘ಹುಯಾನ ಪಿಚು’ ಆಗಿದ್ದಿರಬೇಕೆಂದು ಹಳೆಯ ದಾಖಲೆಗಳನ್ನು ಜಾಲಾಡಿದ ವಿದ್ವಾಂಸರು 2022ರಲ್ಲಿ ವಾದಿಸಿದರು. ನೂರಹನ್ನೊಂದು ವರ್ಷ ತಡವಾಗಿ ಬಂದ ಪ್ರಶ್ನೆ.

ಇನ್ನೂ ಒಂದು ಹೆಸರಿದೆ. ಗೋಡೆಯೊಂದರ ಮೇಲೆ ಅಗಸ್ಟಿನ್ ಲಿಝಾರಾಗ ಎಂಬ ಸ್ಥಳೀಯ ರೈತ ಇದ್ದಿಲಿನಲ್ಲಿ ತನ್ನ ಹೆಸರನ್ನೂ 1902 ಎಂಬ ಇಸವಿಯನ್ನೂ ಬರೆದಿದ್ದ. ಬಿಂಗಂ ಅದನ್ನು ಕಂಡ. ಮಾಚು ಪಿಚುವನ್ನು ಕಂಡುಹಿಡಿದವನು ಲಿಝಾರಾಗ ಎಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ. 1948ರ ಪುಸ್ತಕದ ಹೊತ್ತಿಗೆ ಆ ಹೆಸರು ಇಲ್ಲವಾಗಿತ್ತು. ಇದನ್ನು ಕೇವಲ ಅಪ್ರಾಮಾಣಿಕತೆ ಎಂದು ಬಿಟ್ಟುಬಿಡುವುದು ನನಗೆ ಸಾಲದು. ಇದು ಪ್ರಕಾರದ ಒತ್ತಡವೂ ಹೌದು. ‘ಕಳೆದುಹೋದ ನಗರ’ ಎಂಬ ಶೀರ್ಷಿಕೆ ನಿಲ್ಲಬೇಕಾದರೆ ಅದು ಎಲ್ಲರಿಗೂ ಕಳೆದುಹೋಗಿರಬೇಕು. ಗೆಣಸು ಬೇಯಿಸಿಕೊಟ್ಟವರಿಗೆ ಅದು ಕಳೆದೇ ಇರಲಿಲ್ಲ.

ವಿಚಿತ್ರವೆಂದರೆ ಬಿಂಗಂ ಅದನ್ನು ಇಂಕಾಗಳ ಕೊನೆಯ ಆಶ್ರಯವಾದ ವಿಲ್ಕಬಾಂಬಾ ಎಂದೇ ನಂಬಿದ್ದ. ನಿಜವಾದ ವಿಲ್ಕಬಾಂಬಾ ಎಸ್ಪಿರಿತು ಪಂಪಾ ಎಂಬ ಕಾಡಿನಲ್ಲಿತ್ತು. ಅದೇ 1911ರಲ್ಲಿ ಆತ ಅಲ್ಲಿಗೂ ಹೋಗಿ, ಗುರುತಿಸದೆ ಮರಳಿದ್ದ.

1943ರಲ್ಲಿ ಇದೇ ಬೆಟ್ಟಕ್ಕೆ ಕವಿ ಪಾಬ್ಲೊ ನೆರೂದಾ ಬಂದ. ಆಗ ರಸ್ತೆ ಇರಲಿಲ್ಲ, ಕುದುರೆಯ ಮೇಲೆ ಹತ್ತಿದೆವೆಂದು ಆತ ಆತ್ಮಕಥನದಲ್ಲಿ ಬರೆದಿದ್ದಾನೆ. ಆಮೇಲೆ ಹುಟ್ಟಿದ ಹನ್ನೆರಡು ಭಾಗಗಳ ದೀರ್ಘ ಕವಿತೆ ಬಿಂಗಂಗೆ ನೇರ ಉತ್ತರದಂತಿದೆ: ಈ ಕಲ್ಲನ್ನು ಹೊತ್ತವನೆಲ್ಲಿ, ಹಸಿದವನೆಲ್ಲಿ ಎಂದು ಅದು ಕಲ್ಲನ್ನೇ ಕೇಳುತ್ತದೆ. ಸಚ್ಚಿದಾನಂದನ್ ಅವರ ಅನುವಾದಗಳ ಮೂಲಕ ಮಲಯಾಳಿಗಳಿಗೂ, ಬಂಡಾಯದ ಕಾಲದ ಓದಿನ ಮೂಲಕ ಕನ್ನಡಿಗರಿಗೂ ನೆರೂದಾ ಮನೆಯವನೇ ಆದ. ಆ ಕವಿತೆಯ ದೊಡ್ಡತನವನ್ನು ನಾನು ಪ್ರಶ್ನಿಸುವುದಿಲ್ಲ. ಆದರೂ ಒಂದು ಮಾತು ಬಾಕಿ ಇದೆ. ನೆರೂದಾ ಐನೂರು ವರ್ಷ ಹಿಂದೆ ಸತ್ತ ಹಮಾಲನನ್ನು ಎದ್ದು ಬಾ ಎಂದು ಕರೆಯುತ್ತಾನೆ, ಅವನ ಪರವಾಗಿ ತಾನೇ ಮಾತಾಡುತ್ತೇನೆ ಎನ್ನುತ್ತಾನೆ. ಕುದುರೆಯ ಲಗಾಮು ಹಿಡಿದು ಬಂದಿರಬಹುದಾದ ಜೀವಂತ ಮನುಷ್ಯನಿಗೆ ಕವಿತೆಯಲ್ಲಿ ಸೊಲ್ಲಿಲ್ಲ. ಸತ್ತವರ ನಾಲಗೆಯಾಗುವುದು ಕವಿಗೆ ಕಷ್ಟವಲ್ಲ, ಅವರು ಅಡ್ಡಮಾತಾಡುವುದಿಲ್ಲ.

ನಮ್ಮಲ್ಲಿ ಇದಕ್ಕೆ ಸಮನಾದ ಕೃತಿ ಯಾವುದೆಂದು ಹುಡುಕಿದರೆ ನನಗೆ ಸಿಗುವುದು ಪ್ರವಾಸ ಕಥನವಲ್ಲ, ಕಾದಂಬರಿ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಮಾರ್ಗದರ್ಶಿಯ ಹಿಂದೆ ದಿನಗಟ್ಟಲೆ ಬೆಟ್ಟಕಾಡು ನಡೆದು ಪುರಾತನವಾದದ್ದನ್ನು ಕಾಣುವ ಕಥೆಯೇ ಅದೂ. ಅಲ್ಲಿ ಹುಡುಕುವುದು ಐನೂರು ವರ್ಷದ ಊರನ್ನಲ್ಲ, ಯುಗಗಳಾಚೆಯ ಹಾರುವ ಓತಿಯನ್ನು, ಅಷ್ಟೇ ವ್ಯತ್ಯಾಸ. ದಾರಿ ಬಲ್ಲವನು ಮಂದಣ್ಣ. ಜೇನು ಹಿಡಿಯುವವನು, ಮದುವೆಯ ಚಿಂತೆಯವನು, ಕಳ್ಳಭಟ್ಟಿಯ ಕೇಸಿನಲ್ಲಿ ಪೊಲೀಸರ ಕೈಗೆ ಸಿಕ್ಕವನು. ವಿಜ್ಞಾನಿ ಕರ್ವಾಲೊಗೆ ಈ ದಡ್ಡನಲ್ಲಿ ಏನು ಕಂಡಿತೆಂದು ನಿರೂಪಕ ತಲೆ ಕೆರೆದುಕೊಳ್ಳುತ್ತಾನೆ. ಬಿಂಗಂ ಕೇಳದೆ ಬಿಟ್ಟ ಪ್ರಶ್ನೆಯನ್ನೇ ತೇಜಸ್ವಿ ಕಾದಂಬರಿಯ ಬೆನ್ನೆಲುಬು ಮಾಡಿದ್ದಾರೆ. ನೋಡಿದವನು ಯಾರು? ನೋಡಿದ್ದಕ್ಕೆ ಹೆಸರಿಡುವವನು ಯಾರು? ಕರ್ವಾಲೊ ಬಳಿ ಹೆಸರಿದೆ, ಮಂದಣ್ಣನ ಬಳಿ ಕಣ್ಣಿದೆ. ಕೊನೆಗೆ ಓತಿ ಪ್ರಪಾತದಂಚಿನಿಂದ ತೇಲಿ ಹೋಗುತ್ತದೆ. ಯಾರ ಕೈಗೂ ಸಿಗುವುದಿಲ್ಲ, ಯಾವ ಮ್ಯೂಸಿಯಮ್ಮಿಗೂ ಹೋಗುವುದಿಲ್ಲ. ಮಾಚು ಪಿಚುವಿನಿಂದ ಯೇಲ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ ವಸ್ತುಗಳು ಪೆರುವಿಗೆ ಮರಳಿದ್ದು 2011-12ರಲ್ಲಿ ಎಂಬುದನ್ನು ನೆನೆದರೆ ಈ ಅಂತ್ಯದ ಬೆಲೆ ಹೆಚ್ಚುತ್ತದೆ.

ಪ್ಯಾರ, ಬಿರಿಯಾನಿ ಕರಿಯಪ್ಪ ಇವರನ್ನು ತೇಜಸ್ವಿ ನಗೆಗೆ ಬಳಸಿಕೊಂಡದ್ದು ಕೆಲವೆಡೆ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಅವರೆಲ್ಲ ಬೈಯುತ್ತಾರೆ, ಜಗಳಾಡುತ್ತಾರೆ, ತಮ್ಮ ಭಾಷೆಯಲ್ಲೇ ಮಾತಾಡುತ್ತಾರೆ. ಬಿಂಗಂನ ಹುಡುಗನಿಗೆ ಅಷ್ಟೂ ದಕ್ಕಲಿಲ್ಲ.

ಇನ್ನು ನಮ್ಮ ಸೀಮೆಗೆ ಬರುತ್ತೇನೆ. ಕಾಸರಗೋಡಿನ ಓದುಗರಿಗೆ ಪರಿಚಯ ಬೇಕಾಗಬಹುದು. 1956ರ ನವೆಂಬರ್ 1ರಂದು ನಿಮ್ಮ ತಾಲೂಕು ಕೇರಳಕ್ಕೆ ಸೇರಿದ ದಿನವೇ ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರಗಳೂ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ಲೂ ಆಂಧ್ರಕ್ಕೆ ಹೋದವು. ಮಖ್ತಲ್, ನಾರಾಯಣಪೇಟೆಗಳು ಮಹಬೂಬ್‌ನಗರದಲ್ಲೇ ಉಳಿದವು. ಈಗ ಇದೆಲ್ಲ ತೆಲಂಗಾಣ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡರ ಜೊತೆ ಉರ್ದು. ನಿಮಗೆ ವಿವರಿಸಬೇಕಾದ ಸಂಗತಿಯಲ್ಲ.

ಇದೇ ನಾರಾಯಣಪೇಟೆ ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಮುಡುಮಾಲದಲ್ಲಿ, ಮಾಚು ಪಿಚುವಿಗಿಂತ ಎಷ್ಟೋ ಹಳೆಯ ಕಲ್ಲುಗಳು ನಿಂತಿವೆ. 10ರಿಂದ 14 ಅಡಿ ಎತ್ತರದ ನಿಡುಗಲ್ಲುಗಳು, ಸುತ್ತ ಸಾಲುಹಿಡಿದ ಸಣ್ಣ ಕಲ್ಲುಗಳು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ. ಪಿ. ರಾವ್ ಅವರು ಇವನ್ನು ಅಭ್ಯಾಸ ಮಾಡಿ, ಒಂದು ಕಲ್ಲಿನ ಮೇಲಿನ ಗುಳಿಗಳು ಸಪ್ತರ್ಷಿ ಮಂಡಲವನ್ನು ಹೋಲುತ್ತವೆಂದೂ ಸಾಲುಗಳಿಗೂ ಸೂರ್ಯನ ಚಲನೆಗೂ ಸಂಬಂಧವಿದೆಯೆಂದೂ ಹೇಳಿದರು. 2025ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಮುಡುಮಾಲ ಸೇರಿತು. ಇಲ್ಲಿ ಬೆಟ್ಟ ಹತ್ತುವುದಿಲ್ಲ, ನಾಲ್ಕು ದಿನ ನಡೆಯುವುದೂ ಬೇಡ. ಹೊಲದ ಬದುವಿನಲ್ಲಿ ಹೋದರೆ ಸಾಕು. ಬೆಟ್ಟ ಬೇಕೆನ್ನುವವರಿಗೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಇದೆ: ಬಂಡೆಗಳ ನಡುವೆ ಏರಿದರೆ ಸುಮಾರು 400 ಶಿಲಾಸಮಾಧಿಗಳು, ಕೆಲವು ಮನೆಯಷ್ಟು ಎತ್ತರ, ಗೋಡೆಗಲ್ಲಿನಲ್ಲಿ ದುಂಡು ಕಿಂಡಿ. ನಗಾರಿಯಂಥ ಒಂದು ಬಂಡೆಯನ್ನು ಬಡಿದರೆ ಬಹುದೂರ ಕೇಳಿಸುತ್ತದೆ. 2021ರಲ್ಲಿ ಅದೂ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಬಂತು.

ಈ ಸೀಮೆಯ ಬಿಂಗಂ ಎಂದರೆ ಮೆಡೋಸ್ ಟೇಲರ್. ಸುರಪುರದಲ್ಲಿ ವರ್ಷಗಟ್ಟಲೆ ಅಧಿಕಾರಿಯಾಗಿದ್ದವನು, ‘ಠಗ್ಗನ ತಪ್ಪೊಪ್ಪಿಗೆ’ಯ (1839) ಕರ್ತೃ. ಹಿರೇಬೆಣಕಲ್ಲನ್ನು ಹೊರಜಗತ್ತಿಗೆ ತಿಳಿಸಿದವನೂ, ಭೀಮಾತೀರದ ಜೇವರ್ಗಿಯಲ್ಲಿ ಅಗೆಸಿದವನೂ, ರಾಜನಕೋಳೂರಿನ ಕಲ್ಮನೆಗಳ ಬಗ್ಗೆ ಬರೆದವನೂ ಆತನೇ. ಜನರ ಮೇಲೆ ಅವನಿಗಿದ್ದ ಪ್ರೀತಿ ಬಿಂಗಂಗಿಂತ ಖಂಡಿತ ಹೆಚ್ಚು. ಆದರೆ ಈ ಗೋರಿಗಳನ್ನು ಕುರಿತ ಅವನ ಮುಖ್ಯ ಲೇಖನದ ಶೀರ್ಷಿಕೆ ನೋಡಿ: ದಖ್ಖನ್ನಿನ ‘ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್’ ಸ್ಮಾರಕಗಳು! ಸುರಪುರದ ಬಂಡೆಯಲ್ಲಿ ಆತನಿಗೆ ಕಂಡದ್ದು ತನ್ನ ಊರಿನ ಬಂಡೆ. ಮನೆಯನ್ನು ನೆನೆಯುವ ಮನುಷ್ಯನ ಮೇಲೆ ಸಿಟ್ಟು ಬರುವುದಿಲ್ಲ, ಆದರೆ ಸ್ಥಳೀಯರು ಹೇಳುತ್ತಿದ್ದ ‘ಮೊರೇರ ಮನೆ’ ಎಂಬ ಮಾತಿಗೆ ಶೀರ್ಷಿಕೆಯಲ್ಲಿ ಜಾಗವಾಗಲಿಲ್ಲ.

ಮೊರೇರ ಮನೆ ಎಂಬ ಈ ಎರಡು ಪದದಲ್ಲಿ ಒಂದು ವಿಮರ್ಶೆಯೇ ಇದೆ. ಪುರಾತತ್ತ್ವ ಇವನ್ನು ಗೋರಿ ಎನ್ನುತ್ತದೆ, ಜನ ಮನೆ ಎನ್ನುತ್ತಾರೆ. ಮಲಯಾಳದಲ್ಲಿ ಇಂಥದ್ದೇ ಕಲ್ಲಿನ ಕೋಣೆಗೆ ‘ಮುನಿಯರ’ ಎಂದು ಹೆಸರು: ಮರಯೂರಿನ ಗುಡ್ಡದ ಕಲ್ಮನೆಗಳೂ ಮುನಿಯರ, ನಿಮ್ಮ ಕಾಸರಗೋಡಿನ ಕೆಂಪುಕಲ್ಲಿನಲ್ಲಿ ಕೊರೆದ ಗುಹೆಗಳೂ ಮುನಿಯರ. ಕನ್ನಡಿಗ ಅಲ್ಲಿ ಸಂಸಾರವನ್ನು ಕಂಡ, ಮಲಯಾಳಿ ತಪಸ್ಸನ್ನು ಕಂಡ. ಬೇರೆ ಊರುಗಳಲ್ಲಿ ಪಾಂಡವರೂ ಬಂದು ಹೋಗಿದ್ದಾರೆ. ಸಾವನ್ನು ಮಾತ್ರ ಇಬ್ಬರೂ ಹೆಸರಿನಲ್ಲಿ ಹೇಳಲಿಲ್ಲ. ಎರಡು ಭಾಷೆಗಳ ಈ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ಓದುವ ಕೆಲಸ ಇಂಥ ದ್ವಿಭಾಷಾ ಸಂಚಿಕೆಯಲ್ಲಲ್ಲದೆ ಬೇರೆಲ್ಲಿ ಆದೀತು?

ಮುಡುಮಾಲದ ಕಲ್ಲುಗಳಿಗೆ ಬರಹದಲ್ಲಿ ಈಗ ನೆಲೆಯಾಗಿರುವುದು ಇಂಗ್ಲಿಷಿನ ‘ಮೆನ್‌ಹಿರ್’. ಅದೂ ಬ್ರಿಟನಿ ಕಡೆಯ ಮಾತು, ಅರ್ಥ ಬರೀ ಉದ್ದಕಲ್ಲು. ಅದರ ಪಕ್ಕದಲ್ಲಿ ತೆಲುಗಿನ ‘ನಿಲುವು ರಾಳ್ಳು’. ಯಾತ್ರಿಕರು ಬರುತ್ತಾರೆ, ಗೈಡುಗಳು ತಯಾರಾಗುತ್ತಾರೆ, ಫಲಕ ಏಳುತ್ತದೆ, ಟಿಕೆಟ್ಟೂ ಆದೀತು. ಇದರಲ್ಲಿ ಯಾವುದೂ ಕೆಟ್ಟದ್ದಲ್ಲ. ಎಷ್ಟೋ ಕಲ್ಲುಗಳು ಬೇಸಾಯಕ್ಕೆಂದು ಕಿತ್ತುಹೋದ ಮೇಲೆ ಉಳಿದವಕ್ಕೆ ಕಾವಲು ಬೇಕೇ ಬೇಕು. ತೆಲುಗಿನ ಮೇಲೆ ನನ್ನ ದೂರೂ ಇಲ್ಲ, ನಿಂತ ಕಲ್ಲನ್ನು ನಿಂತ ಕಲ್ಲೆಂದೇ ಅದು ಕರೆದಿದೆ. ನನಗೆ ಬೇಕಾದದ್ದು ಇಷ್ಟೆ: ಫಲಕದ ಮಾತು ಗಟ್ಟಿಯಾಗುವ ಮುನ್ನ, ಆ ಹೊಲಗಳಲ್ಲಿ ಕುರಿ ಮೇಯಿಸಿದವರ, ಕಳೆ ತೆಗೆದವರ ಕನ್ನಡವನ್ನೂ ತೆಲುಗನ್ನೂ ಯಾರಾದರೂ ಕೂತು ಬರೆದುಕೊಳ್ಳಬೇಕು, ಯಾವ ಕಲ್ಲಿಗೆ ಯಾರು ಏನೆನ್ನುತ್ತಾರೆ, ಯಾವುದನ್ನು ಮುಟ್ಟುವುದಿಲ್ಲ, ಯಾವುದಕ್ಕೆ ಒರಗಿ ಬುತ್ತಿ ಬಿಚ್ಚುತ್ತಾರೆ ಎಂದು, ಹೇಳಿದವರ ಹೆಸರಿನ ಸಮೇತ. ಅಲ್ಲಿಯ ಒಂದು ನಿಡುಗಲ್ಲು ಇಂದಿಗೂ ಎಲ್ಲಮ್ಮ. ಅದಕ್ಕೆ ಪೂಜೆ ಸಲ್ಲುತ್ತದೆ.