‘ಆಫ್ರಿಕಾದ ಜಾನಪದ’: ಒಂದು ಪರಿಕಲ್ಪನೆಯ ಮಿತಿಗಳು

ಜಾನಪದ ಅಧ್ಯಯನದಲ್ಲಿ ಪ್ರದೇಶವಾಚಕ ಪದಗಳ ಬಳಕೆ ಅನಿವಾರ್ಯ. ಆದರೆ ಒಂದು ಖಂಡದ ಹೆಸರೇ ವಿವರಣೆಯ ಸ್ಥಾನವನ್ನು ಆಕ್ರಮಿಸಿದಾಗ ಅಧ್ಯಯನದ ತಳಹದಿ ಸಡಿಲವಾಗುತ್ತದೆ. ‘ಆಫ್ರಿಕಾದ ಜಾನಪದ’ ಎಂಬುದು ಅಂತಹ ಒಂದು ಪ್ರಯೋಗ. ವಿಶ್ವಸಂಸ್ಥೆಯ 54 ಸದಸ್ಯ ರಾಷ್ಟ್ರಗಳು ಮತ್ತು ಸುಮಾರು 2000 ಭಾಷೆಗಳಿರುವ ಭೂಭಾಗವನ್ನು ಅದು ಒಂದೇ ಸಂಸ್ಕೃತಿಯೆಂಬಂತೆ ಪರಿಭಾವಿಸುತ್ತದೆ. ಈ ಸಾಮಾನ್ಯೀಕರಣವು ಶಾಸ್ತ್ರೀಯ ಚರ್ಚೆಯನ್ನೂ ಹೇಗೆ ದಾರಿ ತಪ್ಪಿಸಬಲ್ಲದು ಎಂಬುದನ್ನು ಮಹಾಕಾವ್ಯ ಕುರಿತ ವಾಗ್ವಾದದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೂತ್ ಫಿನೆಗನ್ ಅವರ ‘ಓರಲ್ ಲಿಟರೇಚರ್ ಇನ್ ಆಫ್ರಿಕಾ’ (1970) ಈ ಕ್ಷೇತ್ರದ ಮಹತ್ವದ ಕೃತಿ. ಸಿಯೆರಾ ಲಿಯೋನ್‌ನ ಲಿಂಬಾ ಜನರಲ್ಲಿ ಕ್ಷೇತ್ರಕಾರ್ಯ ನಡೆಸಿದ್ದ ಫಿನೆಗನ್, ಮೌಖಿಕ ಪಠ್ಯವನ್ನು ಅದರ ಪ್ರದರ್ಶನದ ಸಂದರ್ಭದಿಂದ ಬೇರ್ಪಡಿಸಬಾರದೆಂಬ ವಿವೇಕವನ್ನು ಬೆಳೆಸಿದವರು. ಆದರೂ ಮಹಾಕಾವ್ಯವನ್ನು ಕುರಿತ ಕಿರುಟಿಪ್ಪಣಿಯಲ್ಲಿ, ದೀರ್ಘವಾದ ಪದ್ಯಕಥನ ಎಂಬ ಅಳತೆಗೋಲನ್ನಿಟ್ಟುಕೊಂಡು, ಆ ಪ್ರಕಾರವು ಆಫ್ರಿಕಾಕ್ಕೆ ವಿಶಿಷ್ಟವಾದುದಲ್ಲವೆಂಬ ನಿಲುವನ್ನು ತಾಳಿದರು. ಕೃತಿಯ ಉಳಿದ ಭಾಗದಲ್ಲಿರುವ ಎಚ್ಚರ ಇಲ್ಲಿ ಕಾಣುವುದಿಲ್ಲ.

ಪ್ರತ್ಯುದಾಹರಣೆಗಳು ಆಗಲೇ ಮುದ್ರಣಗೊಂಡಿದ್ದವು. ಮಾಂಡೆ ಪರಂಪರೆಯ ಸುಂಜಾಟನ ಕಥೆಯ ಒಂದು ಗದ್ಯರೂಪವನ್ನು ಗಿನಿಯ ಇತಿಹಾಸಕಾರ ನಿಯಾನ್ 1960ರಲ್ಲಿ ಪ್ರಕಟಿಸಿದ್ದರು. ಕಾಂಗೋದ ಪೂರ್ವಭಾಗದ ನ್ಯಾಂಗ ಜನರ ಮ್ವಿಂಡೊ ಕಾವ್ಯ ಬೀಬೈಕ್ ಮತ್ತು ಮಾತೀನೆ ಅವರ ಸಂಪಾದನೆಯಲ್ಲಿ 1969ರಲ್ಲಿ ಬೆಳಕು ಕಂಡಿತ್ತು. ಮ್ವಿಂಡೊ ಕಾವ್ಯದಲ್ಲಿ ಕಥನಕಾರನು ಮಾತಿನಲ್ಲಿ ಕಥೆ ಹೇಳುತ್ತ, ನಡುನಡುವೆ ಹಾಡುತ್ತ, ಕುಣಿಯುತ್ತ ಸಾಗುತ್ತಾನೆ. ಮಂಟೇಸ್ವಾಮಿ, ಮಲೆಮಾದೇಶ್ವರ ಕಾವ್ಯಗಳಲ್ಲಿ ಮಾತು ಮತ್ತು ಹಾಡುಗಳ ಹೆಣಿಗೆಯನ್ನು ಕೇಳಿ ಬಲ್ಲ ಕನ್ನಡ ವಿದ್ವಾಂಸರಿಗೆ ಇದು ಅಪರಿಚಿತವಲ್ಲ. ಪದ್ಯವನ್ನೇ ಲಕ್ಷಣವಾಗಿಸಿದರೆ ನಮ್ಮ ನೀಲಗಾರರ, ದೇವರಗುಡ್ಡರ ಕಾವ್ಯಗಳೂ ಪಟ್ಟಿಯಿಂದ ಹೊರಗುಳಿಯಬೇಕಾಗುತ್ತದೆ.

ನೈಜೀರಿಯಾದ ವಿದ್ವಾಂಸ ಇಸಿಡೋರ್ ಒಕ್ಪೆವ್ಹೊ ತಮ್ಮ ‘ದಿ ಎಪಿಕ್ ಇನ್ ಆಫ್ರಿಕಾ’ (1979) ಕೃತಿಯಲ್ಲಿ ಈ ನಿಲುವನ್ನು ಸಮರ್ಥವಾಗಿ ಪ್ರಶ್ನಿಸಿದರು. ಆ ಪ್ರತಿವಾದ ಅಗತ್ಯವಾಗಿತ್ತು. ಆದರೆ ‘ಆಫ್ರಿಕಾದಲ್ಲಿ ಮಹಾಕಾವ್ಯವಿಲ್ಲ’ ಎಂಬ ವಾಕ್ಯಕ್ಕೆ ‘ಆಫ್ರಿಕಾದಲ್ಲಿ ಮಹಾಕಾವ್ಯವಿದೆ’ ಎಂಬುದಷ್ಟೇ ಉತ್ತರವಾದರೆ ಪ್ರಶ್ನೆಯ ದೋಷ ಹಾಗೆಯೇ ಉಳಿಯುತ್ತದೆ. ಮಹಾಕಾವ್ಯ ಇರುವುದು ಮಾಂಡೆ ಜನರಲ್ಲಿ, ನ್ಯಾಂಗ ಜನರಲ್ಲಿ, ಖಂಡದಲ್ಲಲ್ಲ. ಜೂಲು ಜನರ ಸ್ತುತಿಕಾವ್ಯ ಇಜಿಬೊಂಗೊ, ಸೊಮಾಲಿಗಳ ಗಬೈ ಇವುಗಳನ್ನು ಮಹಾಕಾವ್ಯವಾಗದೆ ಉಳಿದ ರಚನೆಗಳೆಂದು ನೋಡುವುದು ಅನ್ಯಾಯ. ಅವು ತಮ್ಮದೇ ಛಂದೋನಿಯಮ, ಸಂದರ್ಭ ಮತ್ತು ಅಧಿಕಾರ ಸಂಬಂಧಗಳನ್ನುಳ್ಳ ಸ್ವತಂತ್ರ ಪ್ರಕಾರಗಳು. ಇಲ್ಲವೆನ್ನುವವರೂ ಉಂಟೆನ್ನುವವರೂ ಯುರೋಪಿನ ಒಂದು ಪ್ರಕಾರವನ್ನೇ ಹಿರಿಮೆಯ ಮಾನದಂಡವಾಗಿಸಿಕೊಳ್ಳುವ ಅಪಾಯ ಇಲ್ಲಿದೆ.

ಕಥೆಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಘಾನಾದ ಅಕಾನ್ ಜನರ ಚತುರ ನಾಯಕ ಜೇಡ, ಅನಾನ್ಸೆ. ಯೊರುಬಾ ಕಥೆಗಳಲ್ಲಿ ಆ ಸ್ಥಾನ ಆಮೆಯದು; ಪೂರ್ವ ಆಫ್ರಿಕಾದ ಅನೇಕ ಸಮುದಾಯಗಳಲ್ಲಿ ಮೊಲದ್ದು. ಮೂರನ್ನೂ ‘ಆಫ್ರಿಕಾದ ಪ್ರಾಣಿಕಥೆ’ಗಳೆಂದು ಒಟ್ಟುಗೂಡಿಸಿದೊಡನೆ, ಒಂದು ಸಮುದಾಯವು ಜೇಡವನ್ನೇ ಏಕೆ ಆರಿಸಿಕೊಂಡಿತು ಎಂಬ ನಿಜವಾದ ಜಾನಪದೀಯ ಪ್ರಶ್ನೆ ಅಳಿಸಿಹೋಗುತ್ತದೆ.

ಈ ಚರ್ಚೆ ಕರ್ನಾಟಕಕ್ಕೆ ದೂರದ್ದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗಗಳ ಸಿದ್ದಿಯರನ್ನು ‘ಆಫ್ರಿಕಾ ಮೂಲದವರು’ ಎಂದು ಪರಿಚಯಿಸಿ ಮುಗಿಸುವ ರೂಢಿಯಿದೆ. ಮೂಲದ ಮಾತು ಸುಳ್ಳಲ್ಲ. ಆದರೆ ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಇದ್ದಾರೆ. ಕೊಂಕಣಿ, ಕನ್ನಡ, ಉರ್ದು, ಮರಾಠಿಗಳು ಅವರ ನಾಲಗೆಯ ಮೇಲಿವೆ. ಅವರ ಡಮಾಮಿ ವಾದ್ಯವನ್ನು ‘ಆಫ್ರಿಕಾದ ಕುಣಿತ’ವೆಂಬ ಫಲಕದಡಿ ವೇದಿಕೆಗೆ ತಂದಾಗ, ಶತಮಾನಗಳ ಕಾಲ ಈ ಕಾಡುಗಳ ನಡುವೆ ರೂಪುಗೊಂಡ ಅವರ ಸ್ವಂತ ಚರಿತ್ರೆ ಮರೆಯಾಗುತ್ತದೆ. ಸಾಮಾನ್ಯೀಕರಣದ ಹೊರೆ ಬೀಳುವುದು ಪಾಂಡಿತ್ಯದ ಮೇಲೆ ಮಾತ್ರವಲ್ಲ, ಜೀವಂತ ಜನರ ಮೇಲೆ.

ಹೋಲಿಕೆ ಬೇಡವೆಂಬುದು ಈ ವಾದದ ತಾತ್ಪರ್ಯವಲ್ಲ. ತೌಲನಿಕ ಅಧ್ಯಯನಕ್ಕೆ ನಿರ್ದಿಷ್ಟತೆಯೇ ಬುನಾದಿ. ಭಾಷೆ, ಸಮುದಾಯ, ಸ್ಥಳ, ಕಥನಕಾರ, ಸಂದರ್ಭ—ಈ ಐದನ್ನೂ ನಮೂದಿಸದೆ ಕನ್ನಡಕ್ಕೆ ತಂದ ಕಥೆ ಓದಿಗೆ ಒದಗಬಹುದು, ಸಂಶೋಧನೆಗೆ ಆಕರವಾಗಲಾರದು.